ಬೆಲ್ಲ ಕೊಟ್ಟ ಮೇಲೆ

ದೊಡ್ಡಪದವು ಎಂಬ ಗುಡ್ಡದ ಬುಡದಲ್ಲಿರುವ ಕುಶಲಕ್ಕನ ಮನೆಯ ಜಗಲಿ ಹತ್ತಿದವರು ಯಾರೇ ಇರಲಿ, ಅವರ ಕೈಗೆ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಬರದೆ ಮಾತು ಶುರುವಾಗುತ್ತಿರಲಿಲ್ಲ. ಭೂಮಿಯ ತೀರ್ವೆ ಕೇಳುವ ಸರಕಾರದ ಉಗ್ರಾಣಿ ಬಂದರೂ ಬೆಲ್ಲ, ಓಟು ಕೇಳುವವರು ಬಂದರೂ ಬೆಲ್ಲ. ಒಮ್ಮೆ ಆಚೆಮನೆಯವನು, ನಿಮ್ಮ ಕೋಳಿ ನಮ್ಮ ಬಸಳೆಯ ಬುಡ ಕೆದಕಿತು ಎಂದು ಕೆಂಡಾಮಂಡಲವಾಗಿ ಜಗಳಕ್ಕೆ ಬಂದಿದ್ದ. ಸಿಟ್ಟಿನ ಭರದಲ್ಲಿ ಅಂಗಳದಲ್ಲಿ ನಿಲ್ಲುವುದನ್ನು ಮರೆತು ಸೀದಾ ಜಗಲಿಯಲ್ಲಿ ಕೂತುಬಿಟ್ಟ. ಬೆಲ್ಲ ಬಂತು. ಬಾಯಿಗೆ ಹಾಕಿಕೊಂಡ ಮೇಲೆ ಪಾಪ, ಆ ಮನುಷ್ಯ ಮಳೆ ಯಾವಾಗ ಬರಬಹುದು ಎಂದು ಮಾತಾಡಿ ಎದ್ದುಹೋಗಬೇಕಾಯಿತು.

ಇದು ಕುಶಲಕ್ಕನಿಗೆ ಅವಳ ಅಮ್ಮ ಕಲಿಸಿದ್ದು. ಅಮ್ಮಣ್ಣಿ ಕಾಪುವಿನವಳು. ಹೆದ್ದಾರಿಗೂ ಕಡಲಿಗೂ ನಡುವೆ ಒಂದು ಗುಡಿಸಲು ಕಟ್ಟಿಕೊಂಡು, ತೆಂಗಿನ ಮಡಲು ಹೆಣೆದು ಮಾರಿ ಮಕ್ಕಳನ್ನು ಸಾಕಿದ ಹೆಂಗಸು. ಬಡತನಕ್ಕೆ ಹೆದರದವಳು ಮರ್ಯಾದೆಗೆ ಹೆದರುತ್ತಿದ್ದಳು. "ಜಗಳ ಮಾಡುವುದಿದ್ದರೆ ಅಂಗಳದಲ್ಲೇ ಮಾಡಿ ಮುಗಿಸು ಮಗಾ," ಎನ್ನುತ್ತಿದ್ದಳು. "ಜಗಲಿಗೆ ಕರೆದು ಬೆಲ್ಲ ಕೊಟ್ಟ ಮೇಲೆ ಬಾಯಿ ಮುಚ್ಚಿಕೋ. ಬೆಲ್ಲ ತಿಂದವರ ಎದುರು ಒಂದು ಕೆಟ್ಟ ಮಾತೂ ಬರಬಾರದು. ಅವರು ಜಗಲಿ ಇಳಿದ ಮೇಲೆ ಬೇಕಾದರೆ ಬಯ್ಯಿ."

ಇಂಥ ಒಂದು ತುಂಡು ಬೆಲ್ಲಕ್ಕೆ ಒಂದು ಇಡೀ ಗುಡ್ಡ ಹೋಯಿತು ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ. ಕುಶಲಕ್ಕನಿಗೇ ಅದನ್ನು ನಂಬಲು ಬಹಳ ಕಾಲ ಹಿಡಿಯಿತು.

ಅವಳು ಮದುವೆಯಾಗಿ ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯ ಈ ಊರಿಗೆ ಬಂದದ್ದು ಎಪ್ಪತ್ತೆರಡನೆಯ ಇಸವಿಯಲ್ಲಿ. ಗಂಡ ಗುಣಪಾಲ ಮನೆಗಳ ಮಾಡಿಗೆ, ಅಂದರೆ ಸೂರಿಗೆ, ಮುಳಿಹುಲ್ಲು ಹೊದಿಸುವವನು. ಹುಡುಗಿ ಮಡಲಿನ ಮಾಡಿನಿಂದ ಮುಳಿಯ ಮಾಡಿಗೆ ಹೋಗುತ್ತಾಳೆ ಎಂದು ತವರಿನವರಿಗೆ ಹಿಗ್ಗೋ ಹಿಗ್ಗು. ಮಡಲು ಒಂದು ಮಳೆಗಾಲಕ್ಕೆ ಕೊಳೆತುಹೋಗುತ್ತದೆ. ಒಳ್ಳೆಯ ಕೈಯವರು ಹೊದಿಸಿದ ಮುಳಿ ಎರಡು ಮೂರು ಮಳೆಗಾಲ ತಾಳುತ್ತದೆ, ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ. ಗುಣಪಾಲನ ಕೈ ಒಳ್ಳೆಯ ಕೈ. ನಾಲಗೆಯೂ ಅಷ್ಟೇ ಚುರುಕು ಎಂಬುದು ಮದುವೆಯಾದ ಮೇಲೆ ಗೊತ್ತಾಯಿತು.

ಮುಳಿ ಬೆಳೆಯುವುದು ಪದವಿನಲ್ಲಿ. ಪದವು ಎಂದರೆ ಕೆಂಪು ಮುರಕಲ್ಲಿನ ಬಯಲುಗುಡ್ಡ. ಮೇಲೆ ಚಪ್ಪಟೆ, ಅಲ್ಲೊಂದು ನೆಲ್ಲಿ, ಇಲ್ಲೊಂದು ಕೇಪುಳದ ಪೊದೆ ಬಿಟ್ಟರೆ ಹುಲ್ಲೇ ಹುಲ್ಲು. ಊರಿಗೆ ಇಂಥವು ಎರಡು: ಮನೆಗಳ ಹಿಂದೆಯೇ ಎದ್ದುನಿಂತ ದೊಡ್ಡಪದವು, ನೀರು ಹರಿಯುವ ತೋಡಿನ ಆಚೆಗೆ ಸಣ್ಣಪದವು. ಮಳೆ ಬಿದ್ದರೆ ಎರಡೂ ಹಸಿರು, ದೀಪಾವಳಿ ಕಳೆದರೆ ಎರಡೂ ಹೊಂಬಣ್ಣ. ಆಗ ಊರಿನ ಹೆಂಗಸರೆಲ್ಲ ಒಂದು ದಿನ ಗೊತ್ತುಮಾಡುತ್ತಿದ್ದರು. ಆ ದಿನಕ್ಕೆ ಮುಂಚೆ ಯಾರೂ ಕತ್ತಿ ಹಾಕುವ ಹಾಗಿಲ್ಲ. ಊರಿನ ಹಿರಿಯಳು ಮೊದಲ ಹಿಡಿ ಕೊಯ್ದ ಮೇಲೆ ಉಳಿದವರು ತಮ್ಮ ತಮ್ಮ ಸಾಲಿಗೆ ಇಳಿಯಬೇಕು. ಸಾಲಿಗೆ ಬೇಲಿ ಇಲ್ಲ, ಗಡಿಕಲ್ಲು ಇಲ್ಲ. ಈ ನೆಲ್ಲಿಯಿಂದ ಆ ಬಂಡೆಯವರೆಗೆ ಬೇಬಿಯದು, ಬಂಡೆಯಿಂದ ದಾರಿಯವರೆಗೆ ಕುಶಲಕ್ಕನದು ಎಂದು ಎಲ್ಲರಿಗೂ ಬಾಯಿಪಾಠ. ಬೇಬಿ ಎಂದರೆ ಪಕ್ಕದ ಮನೆಯವಳು, ಕುಶಲಕ್ಕನ ಜೀವದ ಗೆಳತಿ. ಇಬ್ಬರೂ ಬೆನ್ನು ಬಗ್ಗಿಸಿ ಕೊಯ್ಯುತ್ತ ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದ ಸದ್ದು ಕೆಳಗಿನ ಗದ್ದೆಯವರೆಗೆ ಕೇಳುತ್ತಿತ್ತಂತೆ.

ಊರಿನ ಮಾಡುಗಳಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಕಾಪುವಿನ ಯೂಸುಫ್ ಬ್ಯಾರಿ ಕೊಳ್ಳುತ್ತಿದ್ದರು. ಅವರ ಲಾರಿ ಗುಡ್ಡದಂತೆ ಹುಲ್ಲು ಹೇರಿಕೊಂಡು ಕಾಪು, ಹೂಡೆಯ ಕಡಲ ಕರೆಗೆ ಹೋಗುತ್ತಿತ್ತು. ಅಲ್ಲಿ ದಂಡೆಯ ಮನೆಗಳಿಗೆ, ಮೀನು ಒಣಗಿಸುವ ಚಪ್ಪರಗಳಿಗೆ. ಯೂಸುಫ್ ಬ್ಯಾರಿ ಲಾರಿಯಿಂದ ಇಳಿದವರೇ, "ಕುಶಲಕ್ಕಾ, ನಾನು ಅಂಗಳದಲ್ಲೇ ಕ್ರಯ ಮಾತಾಡುತ್ತೇನೆ. ಬೆಲ್ಲ ತಿಂದರೆ ಚೌಕಾಸಿ ಮಾಡಲಿಕ್ಕೆ ಆಗುವುದಿಲ್ಲ ಮಾರಾಯ್ತಿ," ಎಂದು ನಗುತ್ತಿದ್ದರು. ಕ್ರಯ ಮುಗಿದ ಮೇಲೆ ಜಗಲಿ ಹತ್ತಿ ಎರಡು ತುಂಡು ಬೆಲ್ಲ ತಿನ್ನುತ್ತಿದ್ದರು. ಕಡಲ ಕರೆಯವರಿಗೆ ಆ ಕಟ್ಟುಪಾಡು ಗೊತ್ತಿತ್ತು.

ಇಷ್ಟು ಹುಲ್ಲು ಬೆಳೆಯುವ ಪದವನ್ನು ಸರಕಾರದ ಕಡತದಲ್ಲಿ ಬಂಜರು ಎಂದು ಬರೆದಿತ್ತು. ಬರೆದ ಪುಣ್ಯಾತ್ಮ ಬೇಸಿಗೆಯ ನಡುಮಧ್ಯಾಹ್ನ ಬಂದು ನೋಡಿರಬೇಕು. ಕೊಯ್ದ ಮೇಲೆ ಗದ್ದೆಯೂ ಬಂಜರೇ, ಅಲ್ವಾ?

ಆ ಕಾಲಕ್ಕೆ ಕುಶಲಕ್ಕ ಹೆಸರೂ ಕೇಳದ ದೇಶಗಳಲ್ಲಿ ದೊಡ್ಡ ದೊಡ್ಡ ಸಭೆಗಳು ನಡೆದಿದ್ದವು. ಬಡದೇಶಗಳ ಕಾಡು ಕರಗುತ್ತಿದೆ, ಬಡವರ ಒಲೆಗೆ ಇನ್ನು ಸೌದೆ ಸಿಗಲಿಕ್ಕಿಲ್ಲ, ಆದ್ದರಿಂದ ಎಲ್ಲ ದೇಶಗಳು ಕೈಜೋಡಿಸಿ ಹಳ್ಳಿಹಳ್ಳಿಯಲ್ಲಿ ಮರ ನೆಡಿಸಬೇಕು ಎಂದು ತೀರ್ಮಾನವಾಗಿತ್ತು. ಮಾತು ಸುಳ್ಳೇನಲ್ಲ. ಎಷ್ಟೋ ಕಡೆ ಹೆಂಗಸರು ಒಂದು ಹೊರೆ ಕಟ್ಟಿಗೆಗೆ ಮೈಲುಗಟ್ಟಲೆ ನಡೆಯುತ್ತಿದ್ದರು. ಆದರೆ ಅಲ್ಲಿಯ ಕಾಯಿಲೆಗೆ ಅರೆದ ಮದ್ದನ್ನು ಇಲ್ಲಿಯವರ ಬಾಯಿಗೂ ಸುರಿದರೆ ಹೇಗೆ? ಹೊರದೇಶದ ಸಾಲ ದಿಲ್ಲಿಗೆ ಬಂತು, ಬೆಂಗಳೂರಿಗೆ ಇಳಿಯಿತು, ಅಲ್ಲಿಂದ ಸಾಮಾಜಿಕ ಅರಣ್ಯ ಎಂಬ ಹೆಸರು ಹೊತ್ತು, ಎಂಬತ್ತನಾಲ್ಕನೆಯ ಇಸವಿಯ ಒಂದು ಬೆಳಗ್ಗೆ ಜೀಪಿನಲ್ಲಿ ಕೂತು ದೊಡ್ಡಪದವಿನ ಬುಡಕ್ಕೆ ಬಂತು.

ಶಾಲೆಯಲ್ಲಿ ಸಭೆ ಆಯಿತು. ಅರಣ್ಯ ಇಲಾಖೆಯ ದೊಡ್ಡ ಸಾಹೇಬರ ಜೊತೆ ಲಿಯೋನೆಲ್ ಎಂಬ ಯುವಕ ಬಂದಿದ್ದ. ಕಾರ್ಕಳದವನು, ಬಿ.ಎ. ಮಾಡಿ ಕೆಲಸವಿಲ್ಲದೆ ಕೂತಿದ್ದವನಿಗೆ ಹಳ್ಳಿಯವರನ್ನು ಒಪ್ಪಿಸುವ ಈ ಉದ್ಯೋಗ ಸಿಕ್ಕಿತ್ತು. ಒಳ್ಳೆಯ ಹುಡುಗ. ತಾನು ಹೇಳುವುದನ್ನೆಲ್ಲ ತಾನೂ ನಂಬಿದ್ದ. ಅಕೇಶಿಯಾ ಎಂಬ ಹೊಸ ಗಿಡ ಬರುತ್ತದೆ, ಕಲ್ಲಿನ ಮೇಲೂ ಏಳುತ್ತದೆ, ಬೆಳೆದ ಮೇಲೆ ಸೌದೆಯಲ್ಲಿ ಊರಿಗೂ ಪಾಲು ಉಂಟು ಎಂದು ತುಳುವಿನಲ್ಲಿ ಚೆನ್ನಾಗಿ ವಿವರಿಸಿದ.

ಬೇಬಿ ಎದ್ದು ನಿಂತು, ಊರಿನಲ್ಲಿ ಕ್ರಿಸ್ತಾನರನ್ನು ಮರ್ಯಾದೆಯಿಂದ ಕರೆಯುವ ಹಾಗೆಯೇ ಲಿಯೋನೆಲನನ್ನು ಕರೆದು ಕೇಳಿದಳು: "ಪೊರ್ಬುಗಳೇ, ಸೌದೆಗೆ ನಮಗೆ ತತ್ವಾರ ಇಲ್ಲ. ಮುಳಿ ಎಲ್ಲಿ ಬೆಳೆಯುವುದು?"

ಅದಕ್ಕೆ ಉತ್ತರ ಕೊಟ್ಟವರು ದೊಡ್ಡ ಸಾಹೇಬರು. "ಹುಲ್ಲು ತಾನೇ ಅಮ್ಮ, ಮರದ ಅಡಿಯಲ್ಲಿಯೂ ಬೆಳೆಯುತ್ತದೆ."

ಹುಲ್ಲು ತಾನೇ! ಆ ಮಾತಿಗೆ ಸಭೆ ಎದ್ದುಹೋಗಬೇಕಿತ್ತು. ಹೋಗಲಿಲ್ಲ. ಮಳೆಗಾಲಕ್ಕೆ ಮುಂಚೆ ಕೈಯಲ್ಲಿ ಕೆಲಸವಿಲ್ಲದ ಹೊತ್ತು, ಗುಂಡಿ ತೋಡಲು ದಿನಗೂಲಿ ಉಂಟು ಎಂದರು. ಎಲ್ಲರೂ ಹಾರೆ ಹಿಡಿದರು. ನೆಲ್ಲಿಯಿಂದ ಬಂಡೆಯವರೆಗೆ ಬೇಬಿ ತೋಡಿದಳು, ಬಂಡೆಯಿಂದ ದಾರಿಯವರೆಗೆ ಕುಶಲಕ್ಕ. ತನ್ನ ಸಾಲನ್ನು ತಾನೇ ಗುಂಡಿ ಹಾಕಿ ಹೂತೆ ಎಂದು ಆಮೇಲೆ ಎಷ್ಟೋ ಸಲ ಹಣೆ ಚಚ್ಚಿಕೊಂಡಳು. ಆಗ ಮಾತ್ರ ಮುರಕಲ್ಲಿಗೆ ಹಾರೆ ಬೀಳುವ ಪೆಟ್ಟಿಗೆ ಕೈ ಜುಮ್ಮೆನ್ನುತ್ತದೆ ಎಂಬುದಷ್ಟೇ ಅವಳ ದೂರು.

ಮೊದಲ ವರ್ಷ ಗಿಡಕ್ಕಿಂತ ಮುಳಿಯೇ ಎತ್ತರ ಬಂತು. ಸಾಹೇಬರು ಹೇಳಿದ್ದು ನಿಜ ಎಂದುಕೊಂಡರು. ಎರಡನೆಯ ವರ್ಷ ತೆಳ್ಳಗಾಯಿತು. ಮೂರನೆಯ ವರ್ಷ ಅಕೇಶಿಯಾ ತಲೆಯ ಮೇಲೆ ಚಪ್ಪರ ಕಟ್ಟಿತು, ಅಡಿಯಲ್ಲಿ ಅದರದೇ ಒಣಗಿದ ತರಗು ಬಿದ್ದು ಹಾಸಿತು. ಆ ತರಗನ್ನು ದನ ಮೂಸುವುದಿಲ್ಲ, ಗೊಬ್ಬರದ ಗುಂಡಿಗೆ ಹಾಕಿದರೆ ಬೇಗ ಕೊಳೆಯುವುದೂ ಇಲ್ಲ. ಮುಳಿಯ ಒಂದು ಎಸಳು ಕಾಣಲಿಲ್ಲ. ಸುತ್ತ ಬೇಲಿ ಬಂತು, ಬೇಲಿಗೊಬ್ಬ ಕಾವಲುಗಾರ ಬಂದ. ಅಪ್ಪ ಅಜ್ಜಂದಿರ ಕಾಲದಿಂದ ಹತ್ತಿದ ಗುಡ್ಡಕ್ಕೆ ಹತ್ತಬೇಕಾದರೆ ಅವನನ್ನು ಕೇಳಬೇಕು. ಸೌದೆಯ ಪಾಲು ಯಾವಾಗ ಎಂದರೆ ಮರ ಬಲಿಯಲಿ ಎಂದರು.

ಊರಿಗೆ ಊರೇ ಸಣ್ಣಪದವಿಗೆ ಮುಗಿಬಿತ್ತು. ಸಾಲುಗಳು ಗೇಣುಗೇಣಾಗಿ ಹಂಚಿಹೋದವು. ಗೊತ್ತುಮಾಡಿದ ದಿನಕ್ಕೆ ಮುಂಚೆಯೇ ಕದ್ದು ಕೊಯ್ಯುವವರು ಹುಟ್ಟಿಕೊಂಡರು. ಮಾರುವ ಮಾತು ಬಿಡಿ, ಊರಿನ ಮಾಡುಗಳಿಗೇ ಹೇಗೋ ಸಾಕಾಗುತ್ತಿತ್ತು ಅಷ್ಟೆ. ಯೂಸುಫ್ ಬ್ಯಾರಿ ಕೊನೆಯ ಸಲ ಬಂದಾಗ ಅರ್ಧ ಲಾರಿಯೂ ತುಂಬಲಿಲ್ಲ. "ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ ಕುಶಲಕ್ಕಾ. ಇನ್ನು ಬರುವುದು ಕಷ್ಟ," ಎಂದವರು, ಕ್ರಯ ಮಾತಾಡಲು ಏನೂ ಇಲ್ಲದ್ದರಿಂದ ಸೀದಾ ಜಗಲಿ ಹತ್ತಿ ಬೆಲ್ಲ ತಿಂದು ಹೋದರು.

ಅದೇ ಬೇಸಿಗೆಯಲ್ಲಿ ಗುಣಪಾಲ ಬಿದ್ದ. ಹೊಸ ಮುಳಿ ಸಾಲದೆ ಹಳೆಯದನ್ನೇ ತೇಪೆ ಹಾಕುತ್ತಿದ್ದ ಮಾಡಿನ ಬಿದಿರು ಒಳಗೊಳಗೇ ಕುಂಬಾಗಿ ಟೊಳ್ಳಾಗಿತ್ತು. ಸೊಂಟದ ಎಲುಬು ಹೋಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿ ಬಂದ ಮೇಲೆ ಕೋಲು ಹಿಡಿದು ನಡೆಯುವಂತಾಯಿತು, ಮಾಡು ಹತ್ತುವುದು ಮುಗಿಯಿತು. ನಾಲಗೆಗೆ ಮಾತ್ರ ಎಂತದೂ ಆಗಿರಲಿಲ್ಲ. "ನನಗೆ ಈಗ ದೊಡ್ಡ ಕಾಡಿನ ಕೆಳಗೆ ಮನೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಕಾಡು ನೋಡಬೇಕಾದರೆ ಹೊರಗೆ ಹೋಗಬೇಕಾಗಿಲ್ಲ, ಮಾಡಿನ ತೂತಿನಿಂದಲೇ ಕಾಣುತ್ತದೆ." ಹಂಚು ಹೊದಿಸಬಹುದಿತ್ತಲ್ಲ ಎನ್ನಬೇಡಿ. ಹಂಚಿನ ಕ್ರಯವೂ ಅದರ ಭಾರ ಹೊರುವ ಮರದ ಕ್ರಯವೂ ಅವರಂಥವರಿಗೆ ಕನಸಿನ ಮಾತು. ಸಣ್ಣಪದವು ಉಳಿದರೆ ತಲೆಯ ಮೇಲೆ ಮಾಡು ಉಂಟು, ಅದೂ ಹೋದರೆ ಇಲ್ಲ. ಕುಶಲಕ್ಕನ ಲೆಕ್ಕ ಅಷ್ಟು ಸರಳವಾಗಿತ್ತು.

ಎಂಬತ್ತೇಳರಲ್ಲಿ ಲಿಯೋನೆಲ್ ಸೈಕಲ್ ತುಳಿದುಕೊಂಡು ಬಂದು ಸುದ್ದಿ ಕೊಟ್ಟ. ಸಾಲ ಕೊಟ್ಟ ದೇಶಗಳವರು ತಮ್ಮ ಹಣದಿಂದ ಆದ ಉಪಕಾರ ನೋಡಲು ಬರುತ್ತಾರೆ. ತೋಪಿನ ಬುಡದಲ್ಲೇ ಮನೆ ಇರುವುದರಿಂದ, ಮಾತಾಡಿಸಲು ಒಬ್ಬ ಹೆಂಗಸೂ ಬೇಕಾಗಿರುವುದರಿಂದ, ಕುಶಲಕ್ಕನ ಮನೆಗೇ ಕರೆತರುತ್ತೇವೆ.

"ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಕ್ಕ," ಎಂದ ಲಿಯೋನೆಲ್. ಅಷ್ಟರಲ್ಲಿ ಅವನ ನಂಬಿಕೆಯೂ ಸವೆದಿತ್ತು. "ನಾವು ಮೇಲಿನವರಿಗೆ ಹೇಳಿದರೆ ನಡೆಯುವುದಿಲ್ಲ. ಅವರೇ ಕಿವಿಯಾರೆ ಕೇಳಲಿ. ಎರಡನೆಯ ಹಂತಕ್ಕೆ ಸಣ್ಣಪದವಿನ ಹೆಸರೂ ಉಂಟು."

ಸಣ್ಣಪದವಿನ ಹೆಸರು ಕೇಳಿದ ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ಬಂದರು. ಬೇಬಿಯ ಮನೆಯಲ್ಲಿ ಸೇರಿ, ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಕುಶಲಕ್ಕನಿಗೆ ಪಾಠ ಮಾಡಿದರು. "ನೀನು ಮೆತ್ತಗೆ ಮಾತಾಡಬೇಡ ಮಾರಾಯ್ತಿ, ನಿನ್ನ ಗಂಡನ ನಾಲಗೆ ಒಂದು ಗಳಿಗೆ ಸಾಲ ತೆಗೆದುಕೋ," ಎಂದಳು ಬೇಬಿ. ಕುಶಲಕ್ಕ ಪಾತ್ರೆ ತಿಕ್ಕುವಾಗ, ದನಕ್ಕೆ ಹಿಂಡಿ ಕಲಸುವಾಗ ಒಬ್ಬಳೇ ಒಪ್ಪಿಸಿಕೊಂಡಳು. ಮುಳಿ ಹೋಯಿತು, ಗಂಡ ಬಿದ್ದ, ಸೌದೆ ನಾವು ಕೇಳಿದ್ದಲ್ಲ, ಸಣ್ಣಪದವು ಮುಟ್ಟಬೇಡಿ. ಎಲ್ಲವೂ ನಾಲಗೆಯ ತುದಿಯಲ್ಲಿತ್ತು.

ಅವರು ಬಂದದ್ದು ಸುಡುಸುಡು ಮಧ್ಯಾಹ್ನ. ಎತ್ತರದ ಒಬ್ಬ ಗಂಡಸು, ನಡುವಯಸ್ಸಿನ ಒಬ್ಬ ದೊರೆಸಾನಿ, ಹಿಂದೆ ದೊಡ್ಡ ಸಾಹೇಬರ ದಂಡು. ಪದವು ಸುತ್ತಿ ಇಳಿದಿದ್ದ ದೊರೆಸಾನಿಯ ಮುಖ ಬೆಂದ ಸೀಗಡಿಯ ಹಾಗೆ ಕೆಂಪಾಗಿತ್ತು. ಅಂಗಳದಲ್ಲಿ ನಿಂತು ಮಾತಾಡಿಸಬೇಕೆಂದು ಕುಶಲಕ್ಕ ಮುಂದೆ ಬಂದಳು. ಅಷ್ಟರಲ್ಲಿ ಆ ಹೆಂಗಸು ತಲೆ ಸುತ್ತಿದವಳಂತೆ ಎರಡು ಹೆಜ್ಜೆ ಇಟ್ಟು, ಜಗಲಿಯ ಅಂಚಿನಲ್ಲಿ ಕುಸಿದು ಕೂತಳು.

ಅವಳ ಸುಸ್ತು ಕಂಡ ಮೇಲೆ ಕುಶಲಕ್ಕನ ಕಾಲು ತಾನಾಗಿಯೇ ಒಳಗೆ ಹೋಯಿತು. ಮನೆಗೆ ಬಂದ ಜೀವ ಬಾಯಾರಿ ಕೂತಿರುವಾಗ ಪಾಠ ಒಪ್ಪಿಸುವುದೇ? ಚೆಂಬಿನಲ್ಲಿ ತಣ್ಣೀರು, ಬಾಳೆಲೆಯ ಚೂರಿನಲ್ಲಿ ಬೆಲ್ಲ. ದೊರೆಸಾನಿ ಬೆಲ್ಲ ಕಚ್ಚಿ ನೀರು ಕುಡಿದಳು, ಕಣ್ಣು ಅರಳಿತು, ಕುಶಲಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಏನೋ ಕೇಳಿದಳು. ಲಿಯೋನೆಲ್ ತುಳುವಿನಲ್ಲಿ ಹೇಳಿದ: "ಈ ಮರಗಳಿಂದ ನಿಮಗೆ ಉಪಕಾರ ಆಯಿತಾ ಎಂದು ಕೇಳುತ್ತಿದ್ದಾರೆ ಅಕ್ಕ."

ಕುಶಲಕ್ಕ ಬಾಯಿ ತೆರೆದಳು. ದೊರೆಸಾನಿಯ ತುಟಿಯಲ್ಲಿ ಬೆಲ್ಲ ಇನ್ನೂ ಅಂಟಿಕೊಂಡಿತ್ತು.

"ಆಯಿತು," ಎಂದಳು. "ಒಳ್ಳೆಯದಾಯಿತು."

ಬೇಲಿಯ ಆಚೆ ನಿಂತಿದ್ದ ಬೇಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಲಿಯೋನೆಲ್ ಇನ್ನೊಮ್ಮೆ ಕೇಳಿದ, "ಸರಿಯಾಗಿ ಹೇಳಿ ಅಕ್ಕ, ಹೆದರಬೇಡಿ." ಹೆದರಿಕೆಯ ಮಾತೇ ಇಲ್ಲ ಎಂದು ಅವನಿಗೆ ಹೇಗೆ ಹೇಳುವುದು? "ಒಳ್ಳೆಯದಾಯಿತು ಎಂದೆನಲ್ಲ," ಎಂದಳು ಕುಶಲಕ್ಕ, ನೆಲ ನೋಡುತ್ತ. ಅವಳ ಮನಸ್ಸಿನಲ್ಲಿ ಇನ್ನೊಂದು ದಾರಿ ಇತ್ತು. ಜಗಲಿ ಇಳಿದು ಅಂಗಳಕ್ಕೆ ಬರುತ್ತಾರಲ್ಲ, ಅಲ್ಲಿ ಎಲ್ಲವನ್ನೂ ಹೇಳುವ ಎಂದುಕೊಂಡಿದ್ದಳು. ಕಾಪುವಿನಲ್ಲಿ ಹಾಗೆಯೇ ಅಲ್ಲವೇ, ಜಗಲಿಯಲ್ಲಿ ಕ್ಷೇಮಸಮಾಚಾರ, ಹೊರಡುವಾಗ ಅಂಗಳದಲ್ಲಿ ನಿಜ ಸಂಗತಿ.

ಅವರು ಎದ್ದರು, ಕೈ ಮುಗಿದರು. ದೊಡ್ಡ ಸಾಹೇಬರು ಊಟಕ್ಕೆ ತಡವಾಯಿತೆಂದು ಅವಸರ ಮಾಡಿದರು. ಕುಶಲಕ್ಕ ಹಿಂದೆಯೇ ಅಂಗಳಕ್ಕೆ ಓಡಿ, "ಒಂದು ಮಾತು ಉಂಟು, ನಿಲ್ಲಿ!" ಎಂದು ಕೂಗುವಷ್ಟರಲ್ಲಿ ಜೀಪಿನ ಬಾಗಿಲು ಬಡಿದಿತ್ತು. ದೊರೆಸಾನಿ ಒಳಗಿನಿಂದ ನಗುತ್ತ ಕೈ ಬೀಸಿದಳು. ಉಳಿದದ್ದು ಕೆಂಪು ಧೂಳು.

"ನಾಲಗೆ ಸಾಲ ಕೇಳಿದ್ದರೆ ಕೊಡುತ್ತಿದ್ದೆ," ಎಂದ ಗುಣಪಾಲ ಒಳಗಿನಿಂದ. ಆ ದಿನ ಅವನ ಮಾತಿಗೆ ಯಾರೂ ನಗಲಿಲ್ಲ.

ಮುಂದಿನ ವರ್ಷ ಶಾಲೆಯಲ್ಲಿ ಮತ್ತೆ ಸಭೆ. ಎರಡನೆಯ ಹಂತದ ಹಣ ಬಂದಿದೆ, ಸಣ್ಣಪದವಿಗೂ ಅಕೇಶಿಯಾ ಎಂದರು. ಹೆಂಗಸರು ಗಲಾಟೆ ಎಬ್ಬಿಸಿದರು. ಆಗ ದೊಡ್ಡ ಸಾಹೇಬರು ಸಮಾಧಾನದಿಂದಲೇ ಹೇಳಿದರು: "ನಿಮ್ಮ ಊರಿನ ಹೆಂಗಸರೇ ಒಳ್ಳೆಯದಾಯಿತು ಎಂದದ್ದು ಅಲ್ವಾ? ಹೊರದೇಶದವರು ಕಿವಿಯಾರೆ ಕೇಳಿಕೊಂಡು ಹೋಗಿದ್ದಾರೆ. ಇಲ್ಲಿ ಜನರಿಗೆ ಮರ ಬೇಕು ಎಂದು ಅವರ ಸಭೆಯಲ್ಲೂ ಹೇಳಿದ್ದಾರಂತೆ."

ಎಲ್ಲ ಮುಖಗಳೂ ಕುಶಲಕ್ಕನ ಕಡೆಗೆ ತಿರುಗಿದವು. ಬೇಬಿ ಒಂದು ಮಾತನ್ನೂ ಆಡದೆ ಎದ್ದುಹೋದಳು. ಬೈದಿದ್ದರೆ ಕುಶಲಕ್ಕನಿಗೆ ಇಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ಇಬ್ಬರ ಮನೆಗಳ ನಡುವಿನ ಬೇಲಿಯ ದಣಪೆಯನ್ನು ಯಾರೂ ದಾಟಲಿಲ್ಲ.

ಮಾಡಿದ್ದನ್ನು ಸರಿಮಾಡಬೇಕೆಂದು ಕುಶಲಕ್ಕ ಬಸ್ಸು ಹತ್ತಿದಳು. ಕಾರ್ಕಳದ ಕಚೇರಿಯಲ್ಲಿ, ನಮ್ಮ ಕೈಯಲ್ಲಿ ಎಂತದೂ ಇಲ್ಲ, ಮೇಲಿಂದ ಇಷ್ಟು ನೆಡಬೇಕು ಎಂದು ಬಂದಿದೆ ಎಂದರು. ಮೇಲೆ ಎಂದರೆ ಎಲ್ಲಿ ಎಂದು ಕೇಳಿದ್ದಕ್ಕೆ ಬೆಂಗಳೂರು ಎಂದರು. ಉಡುಪಿಯ ಒಬ್ಬ ವಕೀಲರು ಕೇಳಿಸಿಕೊಂಡು, ಬೆಂಗಳೂರಿನವರು ದಿಲ್ಲಿ ತೋರಿಸುತ್ತಾರೆ, ದಿಲ್ಲಿಯವರು ಸಾಲ ಕೊಟ್ಟವರ ಶರತ್ತು ಎನ್ನುತ್ತಾರೆ ಎಂದರು. "ಸಾಲ ಕೊಟ್ಟವರು ಎಂತ ಹೇಳುತ್ತಾರೆ?" ಎಂದಳು ಕುಶಲಕ್ಕ. ಅದನ್ನು ಹೇಳಿದವನು ಲಿಯೋನೆಲ್, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ, ಅವಳ ಕಣ್ಣು ತಪ್ಪಿಸುತ್ತ. "ನಾವು ಊರಿನವರು ಹೇಳಿದ್ದನ್ನೇ ಮಾಡುವುದು ಎನ್ನುತ್ತಾರೆ ಅಕ್ಕ."

ಊರೂರು ದೇಶದೇಶ ಸುತ್ತಿ ಬಂದು ಆ ‘ಒಳ್ಳೆಯದಾಯಿತು’ ಮತ್ತೆ ಅವಳ ಜಗಲಿಯಲ್ಲೇ ಕೂತಿತ್ತು. ಯಾರ ಕುತ್ತಿಗೆಪಟ್ಟಿ ಹಿಡಿಯುವುದು? ಹಿಡಿದರೆ ತನ್ನದೇ ಹಿಡಿಯಬೇಕು. ಆ ದಿನ ಬಸ್ಸಿನಲ್ಲಿ ಕುಶಲಕ್ಕ ಮೈ ಪರಚಿಕೊಳ್ಳುವಷ್ಟು ಸಿಟ್ಟಿನಲ್ಲಿ ಕೂತಿದ್ದಳು. ಅಮ್ಮನ ಮೇಲೂ ಸಿಟ್ಟು. ಅಮ್ಮನ ಕಾಲದಲ್ಲಿ ಜಗಲಿಗೆ ಬರುತ್ತಿದ್ದವರು ಮರುದಿನವೂ ಕಾಣಸಿಗುವವರು. ಇವತ್ತು ಹೇಳಲಾಗದ್ದನ್ನು ನಾಳೆ ಅಂಗಳದಲ್ಲಿ ಹೇಳಬಹುದಿತ್ತು. ಕಡಲಾಚೆಗೆ ಹಾರಿಹೋಗುವವರಿಗೆ ಎಂತ ಮಾಡುವುದು ಎಂದು ಅಮ್ಮ ಹೇಳಿಕೊಟ್ಟಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ತಂಡ ಬರುತ್ತದೆ ಎಂದು ಲಿಯೋನೆಲ್ ತಿಳಿಸಿದ. ಈ ಸಲ ಕುಶಲಕ್ಕ ಪಾಠ ಕಲಿಯಲಿಲ್ಲ. ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಳು. ಜಗಲಿಯ ಚೆಂಬನ್ನು ತೊಳೆದು ಕವುಚಿ ಹಾಕಿದಳು. ಜಗಲಿಯಲ್ಲಿ ಯಾರೂ ಕೂರಬಾರದೆಂದು ಒನಕೆ, ಬುಟ್ಟಿ, ಗೋಣಿಗಳನ್ನೆಲ್ಲ ತಂದು ಹರಡಿದಳು. ಬಂದವರಿಗೆ ಕೂರಲು ಜಾಗ ಕೊಡದ, ನೀರು ಬೇಕೇ ಎಂದು ಕೇಳದ ಮನೆ ಎಂದರೆ ಬಾಗಿಲಿಗೆ ಮಣ್ಣು ಬಿದ್ದ ಹಾಗೆ. ಶತ್ರುವಿಗೂ ಅವಳು ಹಾಗೆ ಮಾಡಿರಲಿಲ್ಲ. "ಎಂತ ಮಾರಾಯ್ತಿ, ಮನೆ ಬಿಟ್ಟು ಹೋಗುವವರ ಹಾಗೆ?" ಎಂದ ಗುಣಪಾಲ.

ಇಬ್ಬರು ಗಂಡಸರು ಬಂದರು, ಹೊಸಬರು. ಕುಶಲಕ್ಕ ಅಂಗಳದ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಬನ್ನಿ ಎನ್ನಲಿಲ್ಲ, ಕೂತುಕೊಳ್ಳಿ ಎನ್ನಲಿಲ್ಲ. ಅವರು ಕೇಳುವ ಮೊದಲೇ ಶುರುಮಾಡಿದಳು. ಮುಳಿಯ ಬಗ್ಗೆ ಹೇಳಿದಳು, ಸಾಲುಗಳ ಬಗ್ಗೆ, ಗಂಡ ಬಿದ್ದದ್ದು, ಲಾರಿ ನಿಂತದ್ದು. ಗಂಡನ ಕೋಲು ಎತ್ತಿ ಮಾಡಿನ ತೂತು ತೋರಿಸಿದಳು. "ನಿಮ್ಮ ದೇಶದ ದೊರೆಸಾನಿಗೆ ನಾನು ಒಳ್ಳೆಯದಾಯಿತು ಎಂದೆ. ಅವರು ಬೆಲ್ಲ ತಿನ್ನುತ್ತಿದ್ದರು, ಅದಕ್ಕೆ ಹಾಗೆ ಹೇಳಿದೆ. ಅದು ಸುಳ್ಳು. ಇವತ್ತು ನಿಮಗೆ ನೀರೂ ಕೊಡುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಸಣ್ಣಪದವು ಬಿಟ್ಟುಬಿಡಿ."

ಲಿಯೋನೆಲ್ ಒಂದೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದ. ಬೆಲ್ಲದ ಮಾತು ಬಂದಾಗ ಅವನ ದನಿ ಸಣ್ಣಗಾಯಿತು, ಆದರೂ ಹೇಳಿದ. ಬಂದವರು ತಲೆದೂಗಿ ಕೇಳಿದರು. ನೀರು ಕೊಡುವುದಿಲ್ಲ ಎಂಬ ಮಾತಿಗೆ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರಲ್ಲೊಬ್ಬ ಹೆಗಲಿನ ಚೀಲದಿಂದ ಕುದಿಸಿ ತಂದ ನೀರಿನ ಫ್ಲಾಸ್ಕು ತೆಗೆದು ತಾನೂ ಕುಡಿದು ಜೊತೆಯವನಿಗೂ ಕೊಟ್ಟ. ಹೋದಲ್ಲೆಲ್ಲ ಅವರು ತಮ್ಮದೇ ನೀರು ಕುಡಿಯುವವರು. ಕುಶಲಕ್ಕ ತನ್ನ ಬದುಕಿನಲ್ಲಿ ಮಾಡಿದ ಅತಿ ದೊಡ್ಡ ಅವಮಾನ ಅವರಿಗೆ ತಾಗಲೇ ಇಲ್ಲ.

ಕೊನೆಗೆ ಅವರು ಹೇಳಿದ್ದನ್ನು ಲಿಯೋನೆಲ್ ತುಳುವಿಗೆ ತಂದ. "ನೀವು ಹೇಳಿದ್ದು ಬಹಳ ಮುಖ್ಯವಾದ ಸಂಗತಿಯಂತೆ. ಮುಂದಿನ ಯೋಜನೆ ಮಾಡುವಾಗ ಬೇರೆ ದೇಶಗಳಲ್ಲಿಯೂ ಇದನ್ನು ಖಂಡಿತ ನೆನಪಿಟ್ಟುಕೊಳ್ಳುತ್ತಾರಂತೆ."

"ಸಣ್ಣಪದವು?"

ಲಿಯೋನೆಲ್ ಕೇಳಿದ. ಉತ್ತರ ಬರುವ ಮೊದಲೇ ತೋಡಿನ ಆಚೆಯಿಂದ ಮುರಕಲ್ಲಿಗೆ ಹಾರೆ ಬೀಳುವ ಸದ್ದು ಕೇಳಿಸಿತು. ಹೊರಗಿನಿಂದ ಕೂಲಿಯವರನ್ನು ತರಿಸಿದ್ದರು. ಈ ಸಲ ಊರಿನ ಯಾರೂ ಗುಂಡಿ ತೋಡಲು ಹೋಗಿರಲಿಲ್ಲ. "ಅದಕ್ಕೆ ಈಗಾಗಲೇ ಸಹಿ ಆಗಿದೆಯಂತೆ ಅಕ್ಕ," ಎಂದ ಲಿಯೋನೆಲ್.

ಜೀಪು ಹೋಯಿತು. ಲಿಯೋನೆಲ್ ತನ್ನ ಸೈಕಲಿಗಾಗಿ ಉಳಿದ. ಇಷ್ಟು ಹೊತ್ತು ಎರಡು ಭಾಷೆ ಮಾತಾಡಿ ಅವನ ಬಾಯಿ ಒಣಗಿತ್ತು. ಬೇಲಿಯ ಆಚೆ ಬೇಬಿ ಬಂದು ನಿಂತಿದ್ದಳು, ಎಲ್ಲವನ್ನೂ ಕೇಳಿದ್ದಳು. ಅವಳು ದಣಪೆ ದಾಟಿ ಬಂದು, ಜಗಲಿಯ ಗೋಣಿಯೊಂದನ್ನು ಸರಿಸಿ ಕೂತಳು.

"ಅಕ್ಕ, ಸ್ವಲ್ಪ ನೀರು ಸಿಗಬಹುದಾ?" ಎಂದ ಲಿಯೋನೆಲ್, ಅಂಗಳದಲ್ಲೇ ನಿಂತು.

ಕುಶಲಕ್ಕ ಒಳಗೆ ಹೋಗಿ ಕವುಚಿದ್ದ ಚೆಂಬನ್ನು ಎತ್ತಿ ತುಂಬಿಸಿ ತಂದಳು. ಅವನು ಎರಡೂ ಕೈ ಚಾಚಿದ. ನಾಲ್ಕು ವರ್ಷದ ಅಭ್ಯಾಸ. ಒಂದು ಕೈ ಚೆಂಬಿಗೆ, ಇನ್ನೊಂದು ಕೈ ಬೆಲ್ಲಕ್ಕೆ. ಚೆಂಬು ಬಂತು. ಇನ್ನೊಂದು ಕೈ ಖಾಲಿ ಉಳಿಯಿತು.

"ಬೆಲ್ಲ ಮನೆಯಲ್ಲಿ ಉಂಟು ಪೊರ್ಬುಗಳೇ," ಎಂದಳು ಕುಶಲಕ್ಕ. "ಕೊಟ್ಟರೆ ನಾನು ಬಾಯಿ ಮುಚ್ಚಬೇಕಾಗುತ್ತದೆ. ನನ್ನ ಮಾತು ಇನ್ನೂ ಮುಗಿಯಲಿಲ್ಲ. ನೀರು ಕುಡಿದು ನಿಲ್ಲಿ."

ಅವನು ಕುಡಿದು ಅಂಗಳದಲ್ಲೇ ನಿಂತ. ಅವಳು ಮೊದಲಿನಿಂದ ಶುರುಮಾಡಿದಳು.